ಪಟ್ಟದ ಗೊಂಬೆಗೆ ಆರ್ಕಿಟೆಕ್ಟ್ ಕಟ್ಟಿದ ಮೆಟ್ಟಿಲು

ನಾನು ಆರ್ಕಿಟೆಕ್ಟ್. ಜನರಿಗೆ ಮನೆ ಕಟ್ಟಿಕೊಡುತ್ತೇನೆ. ಅಂದರೆ ನಾನು ಬೆರಳು ತೋರಿಸುತ್ತೇನೆ, ಬೇರೆಯವರು ಕಟ್ಟುತ್ತಾರೆ. ಈ ಸಲ ನವರಾತ್ರಿಗೆ ಗೊಂಬೆ ಕೂರಿಸುವ ಮೆಟ್ಟಿಲನ್ನು ಸ್ವಹಸ್ತದಿಂದ ನಿರ್ಮಿಸುವೆನೆಂದು ನಾನು ಘೋಷಿಸಿದಾಗ ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಗಾಢ ಮೌನ ಆವರಿಸಿತು. ಅದನ್ನು ಮೆಚ್ಚುಗೆ ಎಂದು ತಿಳಿದೆ!

ಸಂದರ್ಭವೂ ಸಾಮಾನ್ಯದ್ದಲ್ಲ. ನನ್ನ ಹೆಂಡತಿ ವೀಣಾಗೆ ಮದುವೆಯ ನಂತರದ ಮೊದಲ ಗೊಂಬೆ ಹಬ್ಬ. ಮದುವೆಯಲ್ಲಿ ಅವಳ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ಮತ್ತು ರಾಣಿ, ನಮ್ಮ ಮನೆಯಲ್ಲಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ಮೊದಲ ಸಲ ವಿರಾಜಮಾನರಾಗಬೇಕು. ಪಾಡ್ಯದ ಸಂಜೆ ಆ ತಾಯಿ, ಅಂದರೆ ನಮ್ಮ ಅತ್ತೆ, ಯಾದವಗಿರಿಯಿಂದ ಆರತಿಗೆ ಬರುತ್ತಾರೆ. ಅತ್ತೆಗೆ ಮಾತು ಕಡಿಮೆ. ಕಣ್ಣು ಜಾಸ್ತಿ.

"ರೀ, ಅಮ್ಮನ ಮುಂದೆ ನನ್ನ ಮರ್ಯಾದೆ ಹೋಗ್ಬಾರ್ದು, ಅಷ್ಟೇ. ಟ್ರಂಕ್ ಜೋಡಿಸಿ ಮೇಲೊಂದು ಪಂಚೆ ಹಾಸಿದ್ರೂ ನಂಗೆ ಸಾಕು," ಎಂದಳು ವೀಣಾ.

"ಟ್ರಂಕಾ? ಆರ್ಕಿಟೆಕ್ಟ್ ಮನೇಲಿ ಟ್ರಂಕಾ?" ಎಂದೆ, ನಮ್ಮ ಆಫೀಸಿನ ಹಿರಿಯರ ದನಿಯಲ್ಲಿ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಏರಿಸುತ್ತ. "ನೋಡಿಯಮ್ಮಾ, ಸರಳವಾಗಿರ್ಬೇಕು. ತೇಲ್ತಾ ಇರ್ಬೇಕು. ಮೆಟ್ಟಿಲು ಉಸಿರಾಡ್ಬೇಕು!"

"ಮೊದ್ಲು ನೀವು ಉಸಿರಾಡಿ."

ನಮ್ಮಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಲೋ, ಮೆಟ್ಲು ಬೆಸ ಇರ್ಬೇಕು ಕಣೋ. ಏಳು ಮಾಡು. ಆರು, ಎಂಟು ಅಂತ ಮಾಡ್ಬುಟ್ಟೀಯ!"

"ಏಳು ಎಣಿಸಕ್ಕೆ ಬರುತ್ತೆ ಅಂತ್ಲೇ ನಂಗೆ ಡಿಗ್ರಿ ಕೊಟ್ಟಿರೋದು, ಅಮ್ಮಾ!"

ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅಮ್ಮ ಇಟ್ಟುಕೊಂಡಿದ್ದಾಳೆ.

ಭಾನುವಾರಗಳೆಲ್ಲ ತಾರಸಿಯ ಮೇಲೆ ಕಳೆದವು. ಗರಗಸ ನಾನು ಹೇಳಿದ ಕಡೆಗೆ ಹೋಗದೆ ತನಗೆ ತಿಳಿದ ಕಡೆಗೆ ಹೋಯಿತು. ಪಕ್ಕದ ಮನೆಯ ಅಂಕಲ್ ಗೋಡೆಯ ಮೇಲಿಂದ ಇಣುಕಿ, "ಏನಪ್ಪಾ, ಗೂಡು ಕಟ್ತಿದ್ದೀರಿ, ನಾಯಿ ತರ್ತಾ ಇದ್ದೀರಾ?" ಎಂದರು. ನಾನು ಕಲಾವಿದನ ಕ್ಷಮಾಗುಣದಿಂದ ನಕ್ಕೆ. ಒಂದು ಮೊಳೆ ಇಲ್ಲ, ಒಂದು ಸ್ಕ್ರೂ ಇಲ್ಲ! ಕೊರೆದು, ಕೂರಿಸಿ, ಅಂಟು ಹಾಕಿ, ಬಿಳಿ ಬಣ್ಣ ಬಳಿದೆ. ದೇವರು ಬಂದರೂ ಒಂದು ಹಲಗೆ ಕೀಳಲಾಗದು ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆಗೂ ಪೆಟ್ಟು ತಿನ್ನುವ ಸರದಿ ಬಂತು.

ಪಾಡ್ಯದ ಬೆಳಿಗ್ಗೆ ಮೆಟ್ಟಿಲು ಹಾಲಿಗೆ ಇಳಿಯಿತು. ಅಮ್ಮ ಒಂದೊಂದು ಹಲಗೆಗೂ ಕೆಳಗಿನಿಂದ ಮೇಲಕ್ಕೆ ಅರಿಶಿನ ಕುಂಕುಮ ಹಚ್ಚುತ್ತ ಹೋದಳು. ತುದಿ ಮುಟ್ಟಿದ ಮೇಲೆ ಆ ಕಡೆ ಈ ಕಡೆ ನೋಡಿದಳು.

"ಇನ್ನೊಂದೆಲ್ಲೋ?"

ಎಣಿಸಿದೆ. ಆರು. ಕೆಳಗಿನಿಂದ ಎಣಿಸಿದರೂ ಆರು, ಮೇಲಿನಿಂದ ಎಣಿಸಿದರೂ ಆರು!

ಆದದ್ದಿಷ್ಟು. ಮನೆಯ ಮೆಟ್ಟಿಲಿನ ನಕ್ಷೆ ಬರೆಯುವಾಗ ನಾವು ಹಲಗೆ ಎಣಿಸುವುದಿಲ್ಲ, ಎತ್ತರಗಳನ್ನು ಎಣಿಸುತ್ತೇವೆ. ಏಳು ಸಲ ಕಾಲೆತ್ತಿದರೆ ಆರು ಮೆಟ್ಟಿಲು ದಾಟಿ, ಏಳನೆಯದಕ್ಕೆ ಮಹಡಿಯೇ ಸಿಗುತ್ತದೆ. ಕೈ ಅಭ್ಯಾಸಬಲದಿಂದ ಹಾಗೆಯೇ ಬರೆದಿತ್ತು. ಇದನ್ನು ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ.

"ಅಂದ್ರೆ ನನ್ನ ರಾಜ ರಾಣಿ ಈಗ ಮಹಡಿಗೆ ಹೋಗ್ಬೇಕಾ?" ಎಂದಳು ವೀಣಾ. "ರೀ, ಸಂಜೆ ಅಮ್ಮ ಬರ್ತಾರೆ!"

"ಒಂದು ಕಿತ್ತಾಕು, ಐದಾಗತ್ತೆ," ಎಂದಳು ಅಮ್ಮ.

ಕೀಳಲಾಗದು ಎಂದೆನಲ್ಲ!

"ಹೋಗ್ಲಿ, ಮುಂದೆ ಒಂದು ಮಣೆ ಇಡು. ಏಳಾಯ್ತು."

ಇಲ್ಲಿ ನಾನು ಒಪ್ಪಬಹುದಿತ್ತು. ಮನುಷ್ಯರಾಗಿದ್ದರೆ ಒಪ್ಪುತ್ತಿದ್ದರು. "ಮಣೆ ಇಟ್ರೆ ಅಳತೆಯ ಅಂದ ಕೆಡುತ್ತೆ, ಅಮ್ಮಾ," ಎಂದು ನಾನು ತುದಿಯ ಹಲಗೆಯ ಹಿಂದೆ ಸುಮ್ಮನೆ ಎದ್ದು ನಿಂತಿದ್ದ, ಆ ಏಳನೆಯ ಎತ್ತರದ ಪಟ್ಟಿಯ ತಲೆಗೆ ಏಳನೆಯ ಹಲಗೆ ಅಂಟಿಸಿದೆ. ಹಿಂದಿನ ಅಂಚಿಗೆ ಪಟ್ಟಿಯ ಆಸರೆ, ಮುಂದಿನ ಅಂಚಿಗೆ ಗಾಳಿಯ ಆಸರೆ. ಇದಕ್ಕೆ ನಮ್ಮ ವೃತ್ತಿಯಲ್ಲಿ ದೊಡ್ಡ ಹೆಸರಿದೆ. ಅಮ್ಮ ಚಿಕ್ಕದಾಗಿ "ಉಯ್ಯಾಲೆ" ಎಂದಳು.

ಮಧ್ಯಾಹ್ನ ಅಂಟು ಒಣಗಿತು. ರಾಜನತ್ತ ಕೈ ಚಾಚಿದೆ. ವೀಣಾ ಎರಡೂ ಗೊಂಬೆಗಳನ್ನು ಸೆರಗಿನೊಳಗೆ ಸುತ್ತಿ ಎದೆಗೊತ್ತಿಕೊಂಡಳು.

"ಮುಟ್ಟಿದ್ರೆ ನೋಡಿ! ಮೊದ್ಲು ಬೇರೆ ಏನಾದ್ರೂ ಇಟ್ಟು ತೋರ್ಸಿ."

ಕೈಗೆ ಸಿಕ್ಕಿದ್ದು ರವೆ ಡಬ್ಬಿ. ಗೊಂಬೆ ನೋಡಲು ಬರುವವರಿಗೆ ಹಂಚುವ ಚರ್ಪಿಗೆಂದು, ಉಂಡೆ ಕಟ್ಟಲು ಅಮ್ಮ ತುಂಬಿಸಿಟ್ಟಿದ್ದಳು. ತುದಿಯಲ್ಲಿಟ್ಟು, ಕೈ ಬಿಟ್ಟು, ಜಾದೂಗಾರನಂತೆ ಬಾಗಿದೆ.

ಬಾಗಿದ್ದು ನಾನೊಬ್ಬನೇ ಅಲ್ಲ! ಹಲಗೆಯೂ ಬಾಗಿತು. ಡಬ್ಬಿ ರಾಜಗಾಂಭೀರ್ಯದಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ, ಪ್ರತಿ ಮೆಟ್ಟಿಲಲ್ಲೂ ಪ್ರಜೆಗಳಿಗೆ ರವೆ ದಾನ ಮಾಡುತ್ತ ಬಂತು. ಹಿಂದೆಯೇ ಏಳನೆಯ ಹಲಗೆ. ಎರಡೂ ಸೇರಿ ಎಲ್ಲಕ್ಕಿಂತ ಕೆಳಗಿನ ಹಲಗೆಯನ್ನು ಎರಡು ಹೋಳು ಮಾಡಿದವು.

ರವೆಯ ಮೋಡ ಇಳಿಯಿತು. ಉಳಿದದ್ದನ್ನು ಎಣಿಸಿದೆ.

"ಐದು!" ಎಂದು ಕುಣಿದೆ. "ಅಮ್ಮಾ, ಐದು! ಬೆಸ!"

ಅಮ್ಮ ಪೊರಕೆ ತಂದಳು. ಗುಡಿಸುವುದಕ್ಕೇ ಇರಬೇಕೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ವೀಣಾ ನನ್ನದೇ ದನಿ ತೆಗೆದು, "ಸರಳವಾಗಿರ್ಬೇಕು, ತೇಲ್ತಾ ಇರ್ಬೇಕು," ಎಂದಳು. ಕಣ್ಣಲ್ಲಿ ನೀರು, ಅನುಕರಣೆ ಮಾತ್ರ ಅಚ್ಚುಕಟ್ಟು. ನನಗಿಂತ ಚೆನ್ನಾಗಿ ಮಾಡಿದಳು!

ಆಮೇಲೆ ನನ್ನ ಕೆಲಸ ಹೊರುವುದಷ್ಟೇ. ಟ್ರಂಕು, ನನ್ನ ನಕ್ಷೆಯ ಮೇಜು, ಅಕ್ಕಿ ಡ್ರಮ್ಮು, ಕಾಲೇಜಿನ ದಪ್ಪ ಪುಸ್ತಕಗಳು. ಅಮ್ಮ, ವೀಣಾ ಸೇರಿ ಜೋಡಿಸಿ, ಮೇಲೆ ಅಪ್ಪನ ಮಡಿ ಪಂಚೆ ಹಾಸಿದರು. ಏಳು ಮೆಟ್ಟಿಲು. ರಾಜ ರಾಣಿ ತುದಿಯಲ್ಲಿ ಅಲುಗಾಡದೆ ಕೂತರು. ನನ್ನ ಕಲಾಕೃತಿಯನ್ನು ಹೊರಗಿನ ಜಗಲಿಗೆ ಎಳೆದು ಹಾಕಿದೆ.

ಸಂಜೆ ನಮ್ಮ ಅತ್ತೆ ಬಂದರು. ಆರತಿ ಎತ್ತಿದರು, ಮಗಳ ಕೆನ್ನೆ ಸವರಿದರು. "ಚೆನ್ನಾಗಿ ಕೂರ್ಸಿದ್ದೀಯ ಕಣಮ್ಮ," ಎಂದರು. ವೀಣಾಳ ಮುಖ ಅರಳಿತು. ಚರ್ಪಿಗೆ ಉಂಡೆಯ ಬದಲು ಅಂಗಡಿಯ ಬಿಸ್ಕತ್ತು ಕೊಟ್ಟರೂ ಅತ್ತೆ ನಗುತ್ತಲೇ ತೆಗೆದುಕೊಂಡರು. ಗಂಡಾಂತರ ಕಳೆಯಿತೆಂದು ನಾನು ಅವರನ್ನು ಬೀಳ್ಕೊಡಲು ಜಗಲಿಗೆ ಬಂದೆ.

ಅಲ್ಲಿ ನನ್ನ ಐದು ಮೆಟ್ಟಿಲಿನ ತುಂಬ ಆರತಿಗೆ ಬಂದವರ ಚಪ್ಪಲಿ! ತುತ್ತತುದಿಯಲ್ಲಿ, ಪಟ್ಟದ ಸ್ಥಾನದಲ್ಲಿ, ಅತ್ತೆಯದು.

"ಚಪ್ಪಲಿ ಸ್ಟ್ಯಾಂಡ್ ಬಹಳ ಚೆನ್ನಾಗಿದೆ. ಯಾರು ಮಾಡಿದ್ದು, ಅಳಿಯಂದ್ರೇ?"

"ನಾನೇ, ಅತ್ತೆ."

ಅತ್ತೆ ನನ್ನನ್ನೂ ನೋಡಿದರು, ಒಳಗಿನ ಟ್ರಂಕುಗಳನ್ನೂ ನೋಡಿದರು.

"ಇಷ್ಟು ಚೆನ್ನಾಗಿ ಮಾಡಕ್ಕೆ ಬರತ್ತೆ. ಗೊಂಬೆಗೂ ಒಂದು ಮಾಡ್ಬಾರ್ದಾಗಿತ್ತೇನ್ರೀ?"

ಒಳಗೆ ಅಮ್ಮ, ವೀಣಾ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸಿತು. ಬಗ್ಗಿ ಅತ್ತೆಯ ಚಪ್ಪಲಿ ಇಳಿಸಿಕೊಟ್ಟೆ.