ಖಾಲಿ ತೊಟ್ಟಿಲ ಕಾವಲು

ತೊಟ್ಟಿಲು ಖಾಲಿ ಇದೆ ಎಂಬುದು ಮೊದಲು ಕಣ್ಣಿಗೆ ಬಿದ್ದದ್ದು ಎರಡನೇ ಮಾಳಿಗೆಯ ನಾಗರತ್ನಾಬಾಯಿಗೆ. ಬೆಳಿಗ್ಗೆ ಹಾಲು ತರಲು ಇಳಿದವರು ಗೇಟಿನ ಬಳಿ ನಿಂತು, ಕನ್ನಡಕ ಸರಿಮಾಡಿಕೊಂಡು, ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿದರು.

"ಗುರುಪಾದಾ! ಅವ್ವ ಅದಾಳ, ಅಪ್ಪ ಅದಾನ, ಆಕಳ ಅದ, ಕುರಿ ಅದಾವ. ಕೂಸೆಲ್ಲೋ?"

ವಾಚ್‌ಮನ್ ಗುರುಪಾದ ಚಹಾದ ಲೋಟ ಅಲ್ಲೇ ಇಟ್ಟು ಓಡಿ ಬಂದ.

ಗೇಟಿನ ಪಕ್ಕದ ಆ ಕ್ರಿಸ್‌ಮಸ್ ಗೋದಲಿ ಕಟ್ಟಿದವನು ಅವನೇ. ಮೂರನೇ ಮಾಳಿಗೆಯ ಸೆವ್ರಿನ್ ಬಾಯಿಯ ಮಗ ಲ್ಯಾನ್ಸಿ ಪ್ರತಿ ಕ್ರಿಸ್‌ಮಸ್ಸಿಗೆ ಮನೆಯೊಳಗೆ ಹುಲ್ಲಿನ ಕೊಟ್ಟಿಗೆ ಕಟ್ಟಿ, ಯೇಸು ಹುಟ್ಟಿದ ಗೊಂಬೆಗಳನ್ನು ಕೂರಿಸುತ್ತಿದ್ದ. ಈ ಸಲ ಅವನು ಮಿಲಿಟರಿಯವರ ಜೊತೆ ಶಾಂತಿ ಕಾಯಲು ದಕ್ಷಿಣ ಸುಡಾನಿಗೆ ಹೋಗಿದ್ದಾನೆ. ಅಲ್ಲಿಂದಲೇ ಫೋನಿನಲ್ಲಿ ಹೇಳಿಕೊಟ್ಟ, ಗುರುಪಾದ ಮಲಾಡಿನ ಗೇಟಿನ ಪಕ್ಕ ಕಟ್ಟಿದ. ಬಾಯಿ ಗೊಂಬೆಗಳ ಡಬ್ಬಿ ಕೊಟ್ಟು, "ಚಂದ ನೋಡಿಕೋ ಮಾರಾಯ, ನಾಳೆ ಸಂಜೆ ಆರಕ್ಕೆ ಅವನು ವಿಡಿಯೋದಲ್ಲಿ ನೋಡ್ತಾನೆ" ಎಂದು ಹೇಳಿ ಬಾಂದ್ರಾದ ತಂಗಿಯ ಮನೆಗೆ ಹೋಗಿದ್ದರು. ಡಬ್ಬಿಯಲ್ಲಿ ಕೂಸಿತ್ತೋ ಇಲ್ಲವೋ ಗುರುಪಾದ ನೋಡಿರಲಿಲ್ಲ. ಒಂಟೆಯ ಮುರಿದ ಕಾಲಿಗೆ ಗೋಂದು ಹಚ್ಚುವುದರಲ್ಲೇ ಅವನ ಜೀವ ಅರ್ಧ ಹೋಗಿತ್ತು.

ಕೂಗಿಗೆ ಸೆಕ್ರೆಟರಿ ಬಸವಂತರಾಯರು ಇಳಿದು ಬಂದರು. ಬೆಳಗಾವಿ ಕಡೆಯ ಅರಿವೆ ವ್ಯಾಪಾರಿ. ಅವರನ್ನು ಕಂಡೊಡನೆ ಗುರುಪಾದನಿಗೆ ತನ್ನ ರಜೆ ನೆನಪಾಯಿತು. ಇಂಡಿ ತಾಲೂಕಿನ ಹಳ್ಳಿಯಲ್ಲಿ ಅವನ ಹೆಂಡತಿ ಭಾಗವ್ವ ಹೆಣ್ಣು ಹೆತ್ತು ಎರಡು ತಿಂಗಳಾಗಿತ್ತು. ಇವನಿನ್ನೂ ಮಗಳ ಮುಖ ನೋಡಿರಲಿಲ್ಲ. ಇಪ್ಪತ್ತೇಳಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ರಜೆ ಕೇಳಿದಾಗ ರಾಯರು ಒಂದೇ ಮಾತು ಹೇಳಿದ್ದರು: "ನಿನ್ನ ಡ್ಯೂಟಿಯಾಗ ಈ ಬಿಲ್ಡಿಂಗ್‌ದಿಂದ ಒಂದ ಕಡ್ಡಿ ಹೋಗಿಲ್ಲಂದ್ರ ರಜಾ. ಹೋತಂದ್ರ ಇಲ್ಲ."

ಈಗ ಹೋಗಿದ್ದು ಕಡ್ಡಿಯಲ್ಲ, ದೇವರ ಕೂಸು.

"ಸೆವ್ರಿನ್ ಬಾಯಿಗೆ ಫೋನ್ ಹಚ್ಚಲೇನ್ರಿ?" ಎಂದ ಗುರುಪಾದ.

"ಹಬ್ಬದ ದಿನ ಆ ತಾಯಿಗೆ ಹೇಳ್ತೀಯೇನು?" ನಾಗರತ್ನಾಬಾಯಿ ಮೈಮೇಲೆ ಬಂದರು. "ಮೊದಲೇ ಮಗ ದೂರ ಅದಾನ. ಕರುಳು ಅದ ಏನು ನಿನಗ?"

"ಸಂಜಿ ಆರರೊಳಗ ತೊಟ್ಟಲಾಗ ಕೂಸಿರಬೇಕು," ಎಂದರು ರಾಯರು. "ಇಲ್ಲಂದ್ರ ರಜಾ ಮರತಬಿಡು."

ಗುರುಪಾದ ಗಟಾರದಲ್ಲಿ ಕೈಹಾಕಿದ. ಹಿತ್ತಲಿನ ಬೆಕ್ಕನ್ನು ಎತ್ತಿ ಅದರ ಹಾಸಿಗೆ ಜಾಡಿಸಿದ. ಬೆಕ್ಕು ಅವನ ಮುಂಗೈಯ ಮೇಲೆ ನಾಲ್ಕು ಗೆರೆ ಎಳೆದು ಕಳಿಸಿತು. ಮಾರ್ಕೆಟ್ಟಿಗೆ ಓಡಿದ. ಗೋದಲಿ ಗೊಂಬೆಗಳ ಅಂಗಡಿಯವನು, "ಸೆಟ್ ತೋಡ್‌ಕೇ ನಹೀಂ ದೇತಾ ಭಾಯ್," ಎಂದ. ತಂದೆತಾಯಿಯಿಂದ ಕೂಸನ್ನು ಅಗಲಿಸಿ ಮಾರುವುದಿಲ್ಲವಂತೆ. ಎರಡು ತಿಂಗಳಿಂದ ಮಗಳನ್ನು ಅಗಲಿದ್ದ ಗುರುಪಾದ ಈ ನ್ಯಾಯ ಕೇಳಿಸಿಕೊಂಡು ಮುಂದೆ ನಡೆದ. ಕಡೆಗೆ ಪೂಜಾ ಸಾಮಾನಿನ ಅಂಗಡಿಯಲ್ಲಿ ಅಂಬೆಗಾಲಿಡುವ ಬಾಲಕೃಷ್ಣ ಸಿಕ್ಕ. ಕೈಯಲ್ಲಿನ ಬೆಣ್ಣೆಮುದ್ದೆ ಕಾಣದಂತೆ ಹತ್ತಿ ಸುತ್ತಿದ್ದಾಯಿತು. ಆದರೆ ಅಂಗಾತ ಮಲಗಿಸಿದರೆ ಕಾಲು ಮಡಿಚಿ ಒಂದು ಕೈ ಮೇಲೆತ್ತಿ, ಬೊರಿವಲಿ ಲೋಕಲ್‌ನಲ್ಲಿ ಹಿಡಿಕೆ ಹುಡುಕುವವನ ಹಾಗೆ ಕಾಣುತ್ತಿತ್ತು.

ಅದನ್ನು ಹಿಡಿದು ಗೇಟಿಗೆ ಬಂದು ನೋಡಿದರೆ, ತೊಟ್ಟಿಲಲ್ಲಿ ಆಗಲೇ ಎರಡು ಕೂಸು!

ನಾಗರತ್ನಾಬಾಯಿ ಮನಸ್ಸು ಕರಗಿ ಮೊಮ್ಮಗಳ ಗೊಂಬೆ ತಂದಿಟ್ಟಿದ್ದರು. ಅದು ಕಣ್ಣು ಮುಚ್ಚಿ ತೆರೆಯುತ್ತಿತ್ತು, ಹೆತ್ತ ತಾಯಿಗಿಂತ ಗೇಣು ಎತ್ತರವಿತ್ತು. ರಾಯರು ತಮ್ಮ ಶೋಕೇಸಿನ ಪಿಂಗಾಣಿ ಮಗು ತಂದಿಟ್ಟಿದ್ದರು. ಅದು ತುಟಿಯ ಮೇಲೆ ಬೆರಳಿಟ್ಟು, ಯಾರಿಗೂ ಹೇಳಬೇಡಿ ಎನ್ನುತ್ತಿತ್ತು. ಇಬ್ಬರಲ್ಲಿ ಯಾರೂ ತಮ್ಮದನ್ನು ತೆಗೆಯಲು ಒಪ್ಪಲಿಲ್ಲ. ಗುರುಪಾದ ಕೃಷ್ಣನನ್ನೂ ನಡುವೆ ಸರಿಸಿದ. ಗೋದಲಿಯ ಜೋಸೆಫಪ್ಪ ಮೂವರನ್ನೂ ನೋಡಿ ಕೋಲು ಊರಿ ನಿಂತಂತಿದ್ದ.

ಆರಕ್ಕೆ ಐದು ನಿಮಿಷವಿದ್ದಾಗ ಸೆವ್ರಿನ್ ಬಾಯಿ ರಿಕ್ಷಾ ಇಳಿದರು. ತೊಟ್ಟಿಲು ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ನಿಮ್ಮ! ಕೂಸು ಹುಟ್ಟುವುದೇ ಇವತ್ತು ರಾತ್ರಿ. ಹುಟ್ಟುವ ಮೊದಲು ತೊಟ್ಟಿಲಿಗೆ ಎಲ್ಲಿಂದ ಬರ್ತದೆ? ಅದು ನನ್ನ ಕಪಾಟಿನಲ್ಲಿ ಭದ್ರ ಉಂಟು. ನಿಲ್ಲಿ, ತೋರಿಸ್ತೇನೆ."

ಗುರುಪಾದನ ಎದೆಯ ಮೇಲಿನ ಬಂಡೆ ಇಳಿಯಿತು. ರಾಯರೂ ನಗುತ್ತ ಜೇಬಿನಿಂದ ರಜೆಯ ಕಾಗದ ತೆಗೆದು, ಪೆನ್ನಿನ ಟೊಪ್ಪಿ ಬಿಚ್ಚಿದರು.

ಬಾಯಿ ಮೆಟ್ಟಿಲಿಳಿದು ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಕೈಯಲ್ಲಿ ಸಣ್ಣ ಪೆಟ್ಟಿಗೆ. ಒಳಗೆ ಬರೀ ಹತ್ತಿ.

ಅಷ್ಟರಲ್ಲಿ ಬಾಯಿಯ ಫೋನು ಬಡಿದುಕೊಂಡಿತು. ಲ್ಯಾನ್ಸಿ! ಹಿಂದೆ ಮರಳು ಚೀಲ, ತಗಡಿನ ಶೆಡ್ಡು, ಹಲ್ಲು ಕಿರಿಯುವ ನಾಲ್ಕೈದು ಸೈನಿಕರು.

"ಲ್ಯಾನ್ಸೀ, ನಮ್ಮ ಕೂಸು ಕಳುವಾಗಿದೆ ಮಗಾ!"

ಲ್ಯಾನ್ಸಿ ತಲೆ ಕೆರೆದುಕೊಂಡ. ಆಮೇಲೆ ತನ್ನ ನೀಲಿ ಹೆಲ್ಮೆಟ್ ಎತ್ತಿ ಕ್ಯಾಮೆರಾದ ಮುಂದೆ ಹಿಡಿದ. ಅದರೊಳಗೆ ಒಣಹುಲ್ಲಿನ ಮೇಲೆ, ಬೆರಳುದ್ದದ ಕೂಸು.

"ಸಾರಿ ಮಮ್ಮೀ. ಜೂನಲ್ಲಿ ಹೊರಡುವಾಗ ಟ್ರಂಕಲ್ಲಿ ಹಾಕಿಕೊಂಡೆ. ಇಲ್ಲಿ ಕ್ರಿಸ್‌ಮಸ್ಸಿಗೆ ಮನೇದು ಏನಾದ್ರೂ ಒಂದು ಬೇಕಿತ್ತು."

ಬಾಯಿ ಸೆರಗು ಕಣ್ಣಿಗೊತ್ತಿ, "ಕಳ್ಳ! ರಾತ್ರಿ ತನಕ ಬಟ್ಟೆ ಮುಚ್ಚಿಡು. ಈಗಲೇ ಹುಟ್ಟಿಸಬೇಡ," ಎಂದು ಗದರಿದರು. ನಾಗರತ್ನಾಬಾಯಿ ಮೂಗು ಸೀಟಿದರು.

"ಕಳ್ಳ ಸಿಕ್ಕನಲ್ರಿ," ಗುರುಪಾದ ಹಿಗ್ಗಿ ರಾಯರ ಕಡೆ ತಿರುಗಿದ. "ಸಹಿ ಮಾಡ್ರಿ."

ರಾಯರು ಸಹಿ ಮಾಡಲಿಲ್ಲ. "ಆ ಟ್ರಂಕ್ ಗೇಟ್ ದಾಟೂಮುಂದ ಡ್ಯೂಟಿಯಾಗ ಯಾರಿದ್ರು?"

"ನಾನ ಇದ್ನಿರಿ…"

"ರಿಕ್ಷಾದಾಗ ಏರಿಸಿದವ್ರು ಯಾರು?"

ದಕ್ಷಿಣ ಸುಡಾನಿನಿಂದ ಉತ್ತರ ಬಂತು. "ಗುರುಪಾದ್ ಹೀ ತೋ! ತಲೆ ಮೇಲೆ ಹೊತ್ತು ತಂದ್ರು ಅಂಕಲ್. ಬಹುತ್ ಅಚ್ಛಾ ಆದ್ಮೀ!"

ರಾಯರು ಪೆನ್ನಿಗೆ ಟೊಪ್ಪಿ ಹಾಕಿದರು. "ದೇವರನ್ನ ತಲಿ ಮ್ಯಾಲ ಹೊತ್ತು ಕಳ್ಳನ ಕೈಯಾಗ ಕೊಟ್ಟಿ. ಗೋದಲಿ ಎಂದಿನತನಕ ಇರತೈತ್ರಿ ಬಾಯಿ?"

"ಮೂರು ರಾಜರು ಕೂಸನ್ನು ನೋಡಲು ಬಂದ ಹಬ್ಬದವರೆಗೆ. ಜನವರಿ ಆರು. ಪಾಪ, ಅವನನ್ನು ಬಿಡಿ…"

"ಆರರತನಕ ಈ ಮೂರೂ ಕೂಸು ಇವನ ಜವಾಬ್ದಾರಿ!"

ಎಲ್ಲರೂ ಮೇಲೆ ಹೋದರು. ಗುರುಪಾದ ಸ್ಟೂಲು ಎಳೆದು ತೊಟ್ಟಿಲ ಮುಂದೆ ಕೂತ. ಭಾಗವ್ವನ ಫೋನು ಬಂತು.

"ಗಾಡಿ ಹತ್ತೀರೇನ್ರಿ?"

"ಬರಾಕ ಆಗಾಂಗಿಲ್ಲ ಭಾಗೂ. ಇಲ್ಲೆ ಕೂಸಿನ ಮುಂದ ಕುಂತೀನಿ."

ಭಾಗವ್ವನ ದನಿ ಏರಿತು.

"ಮುಂಬೈದಾಗ ನಿಮಗ ಕೂಸು?"

"ಒಂದಲ್ಲ, ಮೂರು," ಎಂದ ಗುರುಪಾದ, ಸಂಕಟ ಪೂರ್ತಿ ಹೇಳಿಕೊಳ್ಳುವ ಆತುರದಲ್ಲಿ.

ಫೋನು ಕಟ್ಟಾಯಿತು.