ಭಾವನ ಕೆಂಪು ದಾರ

ಭೂಮಿಯ ಮೇಲಿನ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರನ್ನಾದರೂ ಹೇಳಿ, ನಡುವೆ ಎಷ್ಟು ದೂರ, ಹಾರಲು ಎಷ್ಟು ತಾಸು ಎಂದು ನನ್ನ ಹೆಂಡತಿಯ ಅಣ್ಣ ಹೇಳಬಲ್ಲರು. ಆದರೆ ಇದೇ ಊರಿನ ಕೋಥರೂಡದ ಅವರ ಮನೆಯಿಂದ ಹಡಪಸರದ ನಮ್ಮ ಮನೆಗೆ ಎಷ್ಟು ಹೊತ್ತು ಎಂದು ಮಾತ್ರ ಕೇಳಬೇಡಿ! ಹನ್ನೊಂದಕ್ಕೆ ಬರುತ್ತೇನೆಂದವರು ನಮ್ಮ ಊಟ ಆರಿದ ಮೇಲೆ ಬರುತ್ತಾರೆ.

"ಆಕಾಶದಾಗ ಸಿಗ್ನಲ್ ಇಲ್ಲಲ್ರೀ!" ಎಂದು ನಮ್ಮನ್ನೇ ಗದರುತ್ತಾರೆ.

ಈ ಭಾವ ವಿಮಾನ ಹತ್ತಿದವರೇ? ಛೆ, ಎರಡನೇ ಮಹಡಿಯಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತದೆ! ಅವರ ವಿದ್ಯೆಯೆಲ್ಲ ಯಾವುದೋ ಶಾಲೆ ಹಳತಾಯಿತೆಂದು ಹೊರಗಿಟ್ಟ ಒಂದು ಭೂಗೋಳ ಮತ್ತು ಒಂದು ಕೆಂಪು ದಾರದಲ್ಲಿದೆ. ದಾರಕ್ಕೆ ಅಳೆದು ಹಾಕಿದ ಗಂಟುಗಳು. ಗೋಳದ ಮೇಲೆ ಊರಿಂದ ಊರಿಗೆ ದಾರ ಹಿಡಿದು ಗಂಟು ಎಣಿಸುತ್ತಾರೆ; ಒಂದು ಗಂಟು ಎಂದರೆ ವಿಮಾನದ ಒಂದು ತಾಸು.

ಒಮ್ಮೆ ನೆರೆಮನೆಯ ಹುಡುಗಿಯನ್ನು ನೋಡಲು ಬಂದ ವರನ ತಂದೆ, "ನಮ್ಮ ಹುಡುಗ ಟೋಕಿಯೋಕ್ಕ ಹೋಗಿ ಬಂದಾನ್ರಿ" ಎಂದರು. ಹಿರಿಯರೆಂದು ಕರೆಸಿದ್ದ ನಮ್ಮ ಭಾವ ಅವಲಕ್ಕಿ ತಟ್ಟೆ ಸರಿಸಿ, ಚೀಲದಿಂದ ಗೋಳ ತೆಗೆದು ಅಳೆಯತೊಡಗಿದರು.

"ಅಣ್ಣಾ, ಹುಡುಗ ಹೆಂಗದಾನ ಹೇಳು!" ಎಂದು ನನ್ನ ಹೆಂಡತಿ ತಿವಿದಳು.

"ಎಂಟೂವರಿ ತಾಸು ಸುಮ್ಮನ ಕುಂತು ಬಂದಾನ. ಭಾಳ ತಾಳ್ಮಿ ಅದ. ಕೊಟ್ಟುಬಿಡ್ರಿ!"

"ಈಗ ಫೋನೇ ಎಲ್ಲಾ ಹೇಳ್ತದಲ್ರೀ" ಎಂದು ನಾನು ಕೆಣಕಿದರೆ, "ಹೇಳ್ತದ. ಆದರ ಅದರ ಎದಿ ಡವಡವ ಅಂತದೇನು?" ಎನ್ನುತ್ತಿದ್ದರು.

ನಮ್ಮ ಮಗಳಿಗೆ ಪ್ರವಾಸಿಗರ ತಂಡ ಕರೆದೊಯ್ಯುವ ಕೆಲಸ. ಅವಳ ವಿಮಾನ ಇಳಿಯುವವರೆಗೆ ನನ್ನ ಹೆಂಡತಿ ಹನಿ ನೀರೂ ಕುಡಿಯುವುದಿಲ್ಲ. ಟಿಕೆಟ್ಟನ್ನು ನಂಬುವುದಿಲ್ಲ. "ಅದರಾಗ ಅವರ ಊರಿನ ವ್ಯಾಳ್ಯಾ ಇರ್ತದ" ಎನ್ನುತ್ತಾಳೆ. ಅಣ್ಣನ ದಾರವೇ ಪ್ರಮಾಣ. ನಲವತ್ತು ವರ್ಷದಲ್ಲಿ ನನ್ನ ಮಾತಿಗೆ ಸಿಗದ ಮರ್ಯಾದೆ ಒಂದು ದಾರಕ್ಕೆ!

ಹೆಂಡತಿಗೆ ಈವರೆಗೂ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ದಿನ ನಮ್ಮ ಮನೆಯಲ್ಲಿ ಭಾವ ಸ್ನಾನಕ್ಕೆ ಹೋದಾಗ ಅವರ ಚೀಲದಲ್ಲಿ ಬೇರೊಂದು ಕೆಂಪು ದಾರ ಇಟ್ಟೆ. ಅದರ ಗಂಟುಗಳು ಒಂದೊಂದು ಅಕ್ಕಿಕಾಳಿನಷ್ಟು ಹೆಚ್ಚು ದೂರ; ಅಳೆದರೆ ತಾಸು ಕಡಿಮೆ ಬರಬೇಕು. ನಿಜವಾದ ದಾರ ನನ್ನ ಕನ್ನಡಕದ ಡಬ್ಬಿ ಸೇರಿತು.

ಮರುವಾರ ಮಗಳು ಬೆಳಿಗ್ಗೆ ಏಳಕ್ಕೆ ಮುಂಬೈಯಿಂದ ಜೋಹಾನ್ಸ್‌ಬರ್ಗಿಗೆ ಹೊರಟಳು. ನಮ್ಮ ಮನೆಗೆ ಬಂದ ಭಾವ ಅಳೆದು, "ಏಳು ಗಂಟು. ಎರಡಕ್ಕ ಇಳೀತಾಳ, ತಂಗಿ" ಎಂದರು.

ಎರಡಾಯಿತು. ಮೂರಾಯಿತು. ಹೆಂಡತಿಯ ತುಟಿ ಒಣಗಿತು. ಭಾವ ಮತ್ತೆ ಮತ್ತೆ ದಾರ ಹಚ್ಚಿ ಗಂಟು ಎಣಿಸಿದರು. "ಎದುರು ಗಾಳಿ ಇದ್ದೀತು..." ಎಂದು ಗೊಣಗಿದರು. ನಿಜ ಗೊತ್ತಿದ್ದ ನಾನೊಬ್ಬ ಪೇಪರಿನ ಹಿಂದೆ ಮುಖ ಮುಚ್ಚಿ ಕುಳಿತಿದ್ದೆ. ಹೇಡಿ!

ನಾಲ್ಕಕ್ಕೆ ಫೋನು ಬಂತು. "ಅವ್ವಾ, ಇಳದೀನಿ. ಸರಿಯಾದ ವ್ಯಾಳ್ಯಾಕ್ಕ!"

ಹೆಂಡತಿ ನೀರು ಕುಡಿಯಲು ಅಡುಗೆಮನೆಗೆ ಓಡಿದಳು. ಭಾವ ಗೋಳಕ್ಕೆ ಟವೆಲು ಸುತ್ತಿದರು. "ಇನ್ನ ನನ್ನ ಕೇಳಬ್ಯಾಡ ತಂಗಿ. ನನ್ನ ಅಳತಿ ಕೆಟ್ಟದ."

ನಾನು ಕನ್ನಡಕದ ಡಬ್ಬಿ ತೆರೆದು ಅವರ ಮುಂದಿಟ್ಟೆ. ಅವರು ಎರಡೂ ದಾರಗಳನ್ನು ಜೋಡಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಾಕ ತಡಾ ಆತಂತ, ಅಣ್ಣಾ?" ಎಂದು ಹೆಂಡತಿ ಒಳಗಿಂದ ಕೂಗಿದಳು.

"ಎದುರು ಗಾಳಿ, ತಂಗಿ" ಎಂದರು ಭಾವ.

ಮತ್ತೆ ಗೋಳದ ಟವೆಲು ಬಿಚ್ಚಿದರು. ಹಳೆಯ ದಾರದ ಒಂದು ತುದಿಯನ್ನು ನನ್ನ ಬೆರಳಿಗೆ ಕೊಟ್ಟು ಮುಂಬೈ ಮೇಲೆ ಒತ್ತಿಸಿದರು.

"ಗಟ್ಟಿ ಹಿಡೀರಿ. ಆಕಿ ತಿರುಗಿ ಬರೂದು ಅಳಿಯೂಣು."