ಸನತ್‌ನಗರದ ಆಕಾಶ ಕಾಯ್ದವರು

ಆಕಾಶವನ್ನು ನಂಬಿ ಮಾಡುವ ಕೆಲಸದಲ್ಲಿ ಎಡವಟ್ಟುಗಳೆಲ್ಲ ಆಗುವುದು ನೆಲದ ಮೇಲೆಯೇ. ಉಪಗ್ರಹಗಳು ತಮ್ಮ ಪಾಡಿಗೆ ತಾವು ಸುತ್ತುತ್ತಿರುತ್ತವೆ. ಅವುಗಳಿಗೆ ಹಾಸ್ಯಪ್ರಜ್ಞೆ ಇಲ್ಲ. ಆ ಕೊರತೆಯನ್ನು ಕೆಳಗಿದ್ದ ನಾವು ತುಂಬುತ್ತಿದ್ದೆವು.

ಹೈದರಾಬಾದಿಗೆ ಹೈದರಾಬಾದೇ ಸಾಫ್ಟ್‌ವೇರ್ ಕಲಿಯಲು ಅಮೀರ್‌ಪೇಟೆಯಲ್ಲಿ ಸಾಲು ನಿಂತಿದ್ದ ಕಾಲ. ನಾವು ಮೂವರು ಮಾತ್ರ ಸನತ್‌ನಗರದ ಹಳೆಯ ಕಾರ್ಖಾನೆಯೊಂದರ ತಾರಸಿಯಲ್ಲಿ ಕಂಬ ಕಾಯುತ್ತಿದ್ದೆವು. ಕಂಬದ ತುದಿಯಲ್ಲಿ ಬೋರಲು ಹಾಕಿದ ಬೋಗುಣಿಯಂಥ ಆಂಟೆನಾ. ಅದು ಭೂಮಿಯ ಮೇಲೆ ಎಲ್ಲಿದೆ ಎಂಬುದು ನಮಗೆ ಬೆರಳಗಲದಷ್ಟು ನಿಖರವಾಗಿ ಗೊತ್ತು. ಉಪಗ್ರಹಗಳು ಅದೇ ಜಾಗವನ್ನು ಸ್ವಲ್ಪ ತಪ್ಪಾಗಿ ಹೇಳುತ್ತವೆ. ಎಷ್ಟು ತಪ್ಪು ಎಂದು ಲೆಕ್ಕ ಹಾಕಿ ಬೆಂಗಳೂರಿನ ಮುಖ್ಯ ಕಚೇರಿಗೆ ಕಳಿಸುವುದು ನಮ್ಮ ಉದ್ಯೋಗ. ಆ ತಿದ್ದುಪಡಿಯನ್ನು ನಂಬಿ ಮುಂದೊಂದು ದಿನ ವಿಮಾನಗಳು ಇಳಿಯಬೇಕಿತ್ತು.

ನಮ್ಮ ಮುಖ್ಯಸ್ಥೆ ರಾಯಚೂರು ಕಡೆಯವರು. ಆ ಜಾಗವನ್ನು ಹುಡುಕಿ, ಅಳೆದು, ಕಂಬ ನಿಲ್ಲಿಸಿದವರೇ ಅವರು. ಈಗ ಹಳೆಯ ಯಂತ್ರ ತೆಗೆದು ಹೊಸದು ಹಾಕುವ ಸಮಯ ಬಂದಿತ್ತು. ಮುಖ್ಯ ಕಚೇರಿ ಒಂದು ಷರತ್ತು ಇಟ್ಟಿತ್ತು: ಸಮಿತಿಯೊಂದು ಬಂದು ನೋಡುತ್ತದೆ, ಯಂತ್ರ ಸರಿಯಿದ್ದು ಆಕಾಶಕ್ಕೆ ಅಡ್ಡಿ ಇಲ್ಲದಿದ್ದರೆ ನಮ್ಮ ಈ ಅಳತೆ ನಿಲ್ದಾಣ ಇಲ್ಲೇ, ಇಲ್ಲವಾದರೆ ಬೇರೆ ಊರಿಗೆ. ಹಾಗೇನಾದರೂ ಆದರೆ ಮೇಡಂ ಅವರ ವರ್ಷಗಳ ಅಳತೆಯೆಲ್ಲ ನೀರಿನಲ್ಲಿ ಹೋಮ.

ಭಕ್ತಿಯ ಭಾರ

ಹೊಸ ಯಂತ್ರ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಪೂಜೆ ಮಾಡದೆ ಯಂತ್ರ ಚಾಲೂ ಮಾಡುವ ಧೈರ್ಯ ಇಡೀ ಸನತ್‌ನಗರದಲ್ಲಿ ಯಾರಿಗೂ ಇರಲಿಲ್ಲ. ನಮ್ಮೊಂದಿಗಿದ್ದ ಮಂಗಳೂರಿನ ಗೆಳೆಯ ಬಹಳ ವೈಜ್ಞಾನಿಕ ಮನುಷ್ಯ. ಕುಂಬಳಕಾಯಿಯನ್ನು ಮಾತ್ರ ತಾನೇ ಒಡೆದ. ಆಂಟೆನಾಕ್ಕೆ ಚೆಂಡುಹೂವಿನ ಹಾರ ಹಾಕಿದ. ಅದರ ಮೇಲೆ ಥಳಥಳಿಸುವ ಜರಿ ಕಾಗದದ ಮಾಲೆಯನ್ನು ಸುತ್ತು ಸುತ್ತಾಗಿ ಸುತ್ತಿದ.

ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಫೋನು. "ಏನ್ ಮೇಡಂ, ಹೈದರಾಬಾದು ಬೆಳಗ್ಗೆಯಿಂದ ಅಲ್ಲಾಡ್ತಾ ಇದೆಯಲ್ಲ, ಭೂಕಂಪ ಏನಾದ್ರೂ ಆಯ್ತಾ?"

ಮೇಡಂ ತಾರಸಿಗೆ ಹೋಗಿ ನೋಡಿ ಬಂದರು. ಜರಿ ಮಾಲೆಯೊಳಗೆ ನಮ್ಮ ಆಂಟೆನಾ ಹೈದರಾಬಾದಿ ಮದುಮಗನಂತೆ ಮುಖ ಮುಚ್ಚಿಕೊಂಡು ನಿಂತಿತ್ತು; ಜರಿಯ ಲೋಹ ಉಪಗ್ರಹಗಳ ಸಂಕೇತವನ್ನು ಅಡ್ಡಗಟ್ಟಿತ್ತು.

"ಭೂಕಂಪ ಅಲ್ರಿ," ಎಂದರು ಫೋನಿನಲ್ಲಿ. "ಭಕ್ತಿ ಸ್ವಲ್ಪ ಜಾಸ್ತಿ ಆಗೇತಿ. ಈಗ ಇಳಸ್ತೀವಿ."

ಅತ್ತೆ ಸೊಸೆ

ಹೊಸದನ್ನು ನಂಬುವ ಮೊದಲು ಹಳೆಯದರ ಜೊತೆ ಕೆಲವು ವಾರ ಓಡಿಸಬೇಕು ಎಂಬುದು ನಿಯಮ. ಎರಡಕ್ಕೂ ಬೇರೆ ಬೇರೆ ಕಂಬ. ಎರಡೂ ಒಂದೇ ತಾರಸಿಯಲ್ಲಿದ್ದವು. ಆದರೆ ತಾರಸಿ ಎಷ್ಟು ಎತ್ತರದಲ್ಲಿದೆ ಎಂಬ ಬಗ್ಗೆ ಅವುಗಳಲ್ಲಿ ಒಂದು ಗೇಣಿನ ಭಿನ್ನಾಭಿಪ್ರಾಯ.

ಕಚೇರಿ ಎರಡು ಪಕ್ಷವಾಯಿತು. "ಹಳೇದಕ್ಕೆ ಮರುಳು ಹಿಡಿದಿದೆ ಮಾರಾಯ್ರೆ, ಬಿಸಾಡಿ ಅದನ್ನು," ಎಂದ ಮಂಗಳೂರಿನವನು. ನಾನು ಹಳೆಯದರ ಪಕ್ಷ. ಅದನ್ನು ಒರೆಸುತ್ತಿದ್ದವನು ನಾನೇ. ವಾದ ಮಾಡಿ ಮಾಡಿ, ಕೊನೆಗೆ ಊಟಕ್ಕೂ ಬೇರೆ ಬೇರೆ ಕೂತೆವು.

ಮೇಡಂ ವಾದಕ್ಕೆ ಬರಲಿಲ್ಲ. ಅಳತೆಪಟ್ಟಿ ಹಿಡಿದು ಏಣಿ ಹತ್ತಿದರು. ಹೊಸ ಆಂಟೆನಾದ ಎತ್ತರವನ್ನು ಅದು ಸಂಕೇತ ಹಿಡಿಯುವ ನೆತ್ತಿಯವರೆಗೆ ಅಳೆಯುವ ಬದಲು, ಅದು ಕೂತ ಪೀಠದವರೆಗೆ ಅಳೆದು ನಾವೇ ಯಂತ್ರಕ್ಕೆ ಹೇಳಿಕೊಟ್ಟಿದ್ದೆವು. ಅಳೆಯುವಾಗ ಪಟ್ಟಿಯ ಒಂದು ತುದಿ ಮಂಗಳೂರಿನವನ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ.

"ಸೊಸಿ ಸುಳ್ಳು ಹೇಳಿಲ್ರಪಾ," ಎಂದರು ಇಳಿದು ಬಂದು. "ನೀವು ಆಕಿ ಕುಂತ ಕುರ್ಚಿ ಅಳದೀರಿ, ಆಕಿನ್ನ ಅಳದಿಲ್ಲ."

ಅಂದಿನಿಂದ ಎರಡು ಯಂತ್ರಗಳೂ ಒಂದೇ ಮಾತು ಆಡತೊಡಗಿದವು. ಯಾವ ಮನೆಯಲ್ಲೂ ಅತ್ತೆ ಸೊಸೆ ಅಷ್ಟು ಬೇಗ ರಾಜಿಯಾದದ್ದನ್ನು ನಾನು ಕಂಡಿಲ್ಲ.

ಮೇಲಿನ ಬಾಡಿಗೆದಾರರು

ನಮ್ಮ ದಕ್ಷಿಣಕ್ಕೆ ಓಣಿಯಾಚೆ ಒಬ್ಬ ಸೇಠ್ ಇದ್ದರು. ಬೀದರ್ ಕಡೆಯವರು, ಕೆಳಗೆ ಲೇಥ್ ಕಾರ್ಖಾನೆ, ಮೇಲೆ ಮನೆ, ಮಗಳು ದುಬೈಯಲ್ಲಿ. ಸಾಫ್ಟ್‌ವೇರ್ ಹುಡುಗರಿಗೆ ಬಾಡಿಗೆ ಕೊಡಲೆಂದು ಇನ್ನೊಂದು ಮಾಳಿಗೆ ಎಬ್ಬಿಸಲು ಇಟ್ಟಿಗೆ ಇಳಿಸಿದರು. ಅದು ಎದ್ದರೆ ನಮ್ಮ ಆಂಟೆನಾಕ್ಕೆ ದಕ್ಷಿಣದ ಆಕಾಶವೇ ಕಾಣದು. ಸಮಿತಿ ಬಂದು ನೋಡಬೇಕಾಗಿಯೇ ಇಲ್ಲ, ಗಂಟು ಮೂಟೆ ಕಟ್ಟಬಹುದು.

ಮೇಡಂ ಹೋಗಿ ವಿನಂತಿಸಿದರು. ಸೇಠ್ ಕೈ ಮುಗಿದರು. "ಜಾಗ ನಂದದ, ಇಟ್ಟಂಗಿ ನಂದದ. ಆಸಮಾನ್ ನಿಮ್ಮದೇನ್ರಿ ಮೇಡಂ?"

"ನಂದಲ್ರಿ. ಬಂದು ಒಮ್ಮೆ ನೋಡಿ ಹೋಗ್ರಿ."

ಸೇಠ್ ಬಂದರು. ಪರದೆಯ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಮಿಣುಕುವ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಉಪಗ್ರಹ. ಮೇಡಂ ವೃತ್ತದ ಕೆಳಭಾಗಕ್ಕೆ ಅಂಗೈ ಅಡ್ಡ ಇಟ್ಟರು. "ಇದು ನಿಮ್ಮ ಹೊಸ ಮಾಳಗಿ." ಅಂಗೈ ಕೆಳಗೆ ಚುಕ್ಕೆಗಳು ಮಾಯವಾದವು.

"ಇವೆಲ್ಲ ನಮ್ಮ ಮನಿ ಮ್ಯಾಲಿಂದೇ ಹೋಗ್ತಾವೇನ್ರಿ?"

"ದಿನಾ."

"ಬಾಡಿಗಿ?"

"ಕೊಡಂಗಿಲ್ಲ. ಆದ್ರ ನಿಮ್ಮ ಮಗಳು ದುಬೈದಿಂದ ಬರೋ ವಿಮಾನ ಮುಂದ ಇವನ್ನ ನಂಬೇ ಇಳಿತೈತಿ."

ಸೇಠ್ ಬಹಳ ಹೊತ್ತು ಪರದೆ ನೋಡಿದರು. ಮರುದಿನ ಇಟ್ಟಿಗೆಯೆಲ್ಲ ಹಿತ್ತಲಿಗೆ ಹೋಯಿತು. ಮೇಲಕ್ಕೆ ಕಟ್ಟುವುದನ್ನು ಅವರು ಹಿಂದಕ್ಕೆ ಕಟ್ಟಿದರು. ದೇಶದ ವಿಮಾನಯಾನಕ್ಕೆ ಅಷ್ಟು ದೊಡ್ಡ ದಾನ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ದಾನ ಕೊಟ್ಟವರಿಗೆ ಅಧಿಕಾರವೂ ತಾನಾಗಿ ಬರುತ್ತದೆ. ಅಂದಿನಿಂದ ಸೇಠ್ ನಮ್ಮ ಆಕಾಶದ ಕಾವಲಿಗೆ ನಿಂತರು. ಒಂದು ಬೆಳಿಗ್ಗೆ ಫೋನು ಬಂತು: "ಮೇಡಂ, ನಿಮ್ಮ ಕಂಬದ ಮ್ಯಾಲ ಹದ್ದು ಕುಂತದ. ನಿಮ್ಮ ಆಫೀಸಿಂದೋ, ಹೊರಗಿಂದೋ? ಹೊರಗಿಂದಾದ್ರ ಓಡಸ್ತೀನಿ."

ಸಮಿತಿಯ ನೆರಳು

ಕೊನೆಗೆ ಸಮಿತಿ ಬಂತು, ಮೇ ತಿಂಗಳ ನಡು ಮಧ್ಯಾಹ್ನ. ಅಧ್ಯಕ್ಷರು ಬೆಂಗಳೂರಿನವರು, ಆರಡಿ ಆಳು. ಹೈದರಾಬಾದಿನ ಬಿಸಿಲಿಗೆಂದೇ ಲೋಹದ ಲೇಪವಿದ್ದ ಒಂದು ಭಾರಿ ಬೆಳ್ಳಿಬಣ್ಣದ ಛತ್ರಿ ತಂದಿದ್ದರು. ಅದನ್ನು ಬಿಚ್ಚಿ, ನೇರ ಆಂಟೆನಾದ ಪಕ್ಕಕ್ಕೆ ಬಂದು, ಕಂಬಕ್ಕೆ ಒರಗಿ ನಿಂತರು. ಛತ್ರಿಯ ನೆರಳು ಅವರಿಗೂ ಬಿತ್ತು, ಆಂಟೆನಾಕ್ಕೂ ಬಿತ್ತು.

ಕೆಳಗಿನಿಂದ ಮಂಗಳೂರಿನವನು ಓಡಿ ಬಂದು ನನ್ನ ಕಿವಿಯಲ್ಲಿ, "ಅರ್ಧ ಉಪಗ್ರಹ ಕಾಣೆ ಮಾರಾಯ!" ಎಂದ. ನಾನು ಅದನ್ನು ಮೇಡಂ ಕಿವಿಗೆ ದಾಟಿಸಿದೆ. ನಿಲ್ದಾಣದ ಹಣೆಬರಹ ಬರೆಯಲು ಬಂದವರಿಗೆ, ಸರ್ ನೀವೇ ಅಡ್ಡಿ ಎಂದು ಹೇಳುವುದು ಹೇಗೆ? ಮೇಡಂ ಕೆಮ್ಮಿದರು. ನೆರಳಿಗೆ ಬನ್ನಿ ಸರ್ ಎಂದರು. "ನನಗೆ ಇಲ್ಲೇ ನೆರಳಿದೆಯಲ್ಲಮ್ಮ," ಎಂದರು ಅಧ್ಯಕ್ಷರು.

ಆಗ ಓಣಿಯಾಚೆಯಿಂದ ಸಿಡಿಲಿನಂಥ ದನಿ. "ಓ ಛತ್ರೀವಾಲೇ! ಹಟೋ ಮಿಯಾ, ಹಟೋ!"

ಅಧ್ಯಕ್ಷರು ತಿರುಗಿ, "ಯಾರ್ರೀ ಅದು?" ಎಂದರು.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಸೇಠ್ ಕೂಡ ಕನ್ನಡಕ್ಕೆ ಇಳಿದರು. "ನಾ ಒಂದು ಮಾಳಗಿನೇ ಬಿಟ್ಟೀನಿ! ನಿಮಗ ಒಂದು ಛತ್ರಿ ಬಿಡ್ಲಿಕ್ಕಿ ಆಗಲ್ಲೇನ್ರಿ?"

ಅಧ್ಯಕ್ಷರು ಮೊದಲು ಮೇಲಿನ ಛತ್ರಿಯನ್ನು ನೋಡಿದರು, ಆಮೇಲೆ ಅದರಡಿಯ ಆಂಟೆನಾವನ್ನು. ಛತ್ರಿ ಮಡಚಿ, ತಾರಸಿಯ ಆ ಮೂಲೆಗೆ ಹೋಗಿ ಬಿಸಿಲಿನಲ್ಲಿ ನಿಂತರು. ಕೆಳಗೆ ಪರದೆಯ ಮೇಲೆ ಚುಕ್ಕೆಗಳೆಲ್ಲ ಒಂದೊಂದಾಗಿ ಮರಳಿದವು.

ವಾರದ ಮೇಲೆ ವರದಿ ಬಂತು. ಮೇಡಂ ಅದನ್ನು ನಮಗೆ ಗಟ್ಟಿಯಾಗಿ ಓದಿದರು, ಓದುತ್ತಾ ಕಣ್ಣೊರೆಸಿಕೊಂಡರು: "ನಿಲ್ದಾಣವನ್ನು ಸ್ಥಳಾಂತರಿಸುವ ಅಗತ್ಯವಿಲ್ಲ. ಪರಿಶೀಲನೆಯ ವೇಳೆ ಆಕಾಶಕ್ಕೆ ಒಂದೇ ಒಂದು ಅಡ್ಡಿ ಕಂಡುಬಂದಿದ್ದು, ನೆರೆಯವರ ಸಹಕಾರದಿಂದ ಅದನ್ನು ಸ್ಥಳದಲ್ಲೇ ಮಡಚಲಾಗಿದೆ."